ಪಾಚಿಯ ಕಣ್ಚುಕ್ಕೆ

ಮಕ್ಕಳೇ, ದೊಡ್ಡವರೊಬ್ಬರ ಜೊತೆ ಹೋಗಿ ಕೆರೆಯ ಹಸಿರು ನೀರನ್ನು ಗಾಜಿನ ಸೀಸೆಯಲ್ಲಿ ತನ್ನಿ. ಸೀಸೆಗೆ ಕಪ್ಪು ಕಾಗದ ಸುತ್ತಿ, ಬೆರಳಗಲದ ಕಿಂಡಿ ಬಿಡಿ. ಕಿಂಡಿಯನ್ನು ಕಿಟಕಿಯ ಕಡೆ ಮಾಡಿ ಕೆಲವು ಗಂಟೆ ಅಲುಗಾಡಿಸದೆ ಇಡಿ. ಸುಡುಬಿಸಿಲು ಬೇಡ. ಕಾಗದ ಬಿಚ್ಚಿದಾಗ ಕಿಂಡಿಯಿದ್ದ ಜಾಗದಲ್ಲಿ ಹಸಿರು ದಟ್ಟವಾಗಿದ್ದರೆ ಆ ನೀರಿನಲ್ಲಿ ಈಜುವ ಪಾಚಿಗಳಿವೆ. ನೂಲಿನಂಥ ಪಾಚಿ ಮಾತ್ರವಿದ್ದರೆ ಏನೂ ಕಾಣದು.

ಈಜುವ ಪಾಚಿಗಳಲ್ಲಿ ಕ್ಲಾಮಿಡೋಮೋನಾಸ್ ಒಂದು. ಇಡೀ ದೇಹವೇ ಒಂದು ಜೀವಕೋಶ. ನೂರನ್ನು ಸಾಲಾಗಿ ಜೋಡಿಸಿದರೆ ಸುಮಾರು 1 ಮಿಲಿಮೀಟರ್ ಆದೀತು! ಮುಂದೆ ದಾರದಂಥ ಎರಡು ಕಶಾಂಗಗಳಿವೆ. ಇವು ಸೆಕೆಂಡಿಗೆ ಸುಮಾರು 50 ಸಲ ನೀರನ್ನು ಬಡಿಯುತ್ತವೆ. ಆಹಾರ ತಯಾರಿಸಲು ಇದಕ್ಕೆ ಬೆಳಕು ಬೇಕು. ಆದರೆ ಮಿದುಳಿಲ್ಲ, ನರಗಳಿಲ್ಲ. ಬೆಳಕಿನ ದಿಕ್ಕು ತಿಳಿಯುವುದು ಹೇಗೆ?

ದೇಹದ ಒಂದು ಪಕ್ಕದಲ್ಲಿ ಕೆಂಪು ಛಾಯೆಯ ಕಣ್ಚುಕ್ಕೆ ಇದೆ. ಅದರ ಮೇಲಿನ ಪೊರೆಯಲ್ಲಿ ಚಾನೆಲ್‌ರೊಡಾಪ್ಸಿನ್ ಎಂಬ ಪ್ರೋಟೀನ್ ಇದೆ. ಇದನ್ನು ಪುಟ್ಟ ಬಾಗಿಲು ಎಂದುಕೊಳ್ಳಿ. ಇದರೊಳಗಿನ ರೆಟಿನಾಲ್ ಎಂಬ ಅಣು ಬೆಳಕು ಬಿದ್ದೊಡನೆ ಆಕಾರ ಬದಲಿಸುತ್ತದೆ, ಬಾಗಿಲು ತೆರೆಯುತ್ತದೆ. ಧನ ವಿದ್ಯುದಂಶದ ಕಣಗಳು ಒಳನುಗ್ಗುತ್ತವೆ. ಆಗ ಒಂದು ಕಶಾಂಗ ಇನ್ನೊಂದಕ್ಕಿಂತ ಜೋರಾಗಿ ಬಡಿಯುತ್ತದೆ. ಒಂದೇ ಕಡೆ ಹುಟ್ಟು ಹಾಕಿದ ದೋಣಿಯಂತೆ ಪಾಚಿ ತಿರುಗುತ್ತದೆ. (ನಮ್ಮ ಕಣ್ಣಿನಲ್ಲೂ ರೆಟಿನಾಲ್ ಇದೆ. ಅದು ತಯಾರಾಗುವುದು 'ಎ' ಜೀವಸತ್ವದಿಂದ. ನುಗ್ಗೆಸೊಪ್ಪು, ಪರಂಗಿ ಹಣ್ಣು ತಿನ್ನಿ ಎನ್ನುವುದು ಇದಕ್ಕೇ.)

ನನಗೆ ತುಂಬಾ ಸೋಜಿಗವೆನಿಸುವುದು ಮುಂದಿನ ಸಂಗತಿ. ಈ ಪಾಚಿ ಬುಗುರಿಯಂತೆ ಸುತ್ತುತ್ತಲೇ ಈಜುತ್ತದೆ, ಸೆಕೆಂಡಿಗೆ ಸುಮಾರು ಎರಡು ಸುತ್ತು. ಚುಕ್ಕೆಯ ಕೆಂಪು ಪದರ ಹಿಂದಿನಿಂದ ಬರುವ ಬೆಳಕನ್ನು ತಡೆಯುತ್ತದೆ. ಹಾಗಾಗಿ ಬೆಳಕು ಪಕ್ಕದಿಂದ ಬಂದರೆ ಚುಕ್ಕೆಗೆ ಒಮ್ಮೆ ಬೆಳಕು, ಒಮ್ಮೆ ಕತ್ತಲೆ. ನೇರ ಬೆಳಕಿನತ್ತ ತಿರುಗಿದಾಗ ಈ ಮಿಣುಕಾಟ ನಿಲ್ಲುತ್ತದೆ. ಮಿಣುಕಾಟ ನಿಂತಿತೆಂದರೆ ದಾರಿ ಸರಿ! ಬೆಳಕು ವಿಪರೀತವಾದರೆ ಪಾಚಿ ದೂರ ಸರಿಯುತ್ತದೆ.

ಈ ಪ್ರೋಟೀನ್ ಬೆಳಕಿಗೆ ತೆರೆಯುವ ಬಾಗಿಲೆಂದು 2002ರಲ್ಲಿ ತೋರಿಸಿದವರು ಜರ್ಮನಿಯ ಗೆಯೋರ್ಗ್ ನಾಗೆಲ್, ಪೀಟರ್ ಹೆಗೆಮನ್ ಮತ್ತು ಸಂಗಡಿಗರು. ಅದರಿಂದ ಯಾರಿಗೇನು ಲಾಭ ಎನ್ನುವಿರಾ? ಕೆಲವರ ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶಗಳು ರೋಗದಿಂದ ಸಾಯುತ್ತವೆ, ಅವುಗಳಿಂದ ಸಂಕೇತ ಪಡೆಯುವ ನರಕೋಶಗಳು ಉಳಿದಿರುತ್ತವೆ. ಹೀಗೆ ಕುರುಡಾಗಿದ್ದ 58 ವರ್ಷದ ಒಬ್ಬರ ಒಂದು ಕಣ್ಣಿನ ನರಕೋಶಗಳಿಗೆ, ಇಂಥದೇ ಇನ್ನೊಂದು ಪಾಚಿಯ ಪ್ರೋಟೀನಿನ ಜೀನನ್ನು ವೈದ್ಯರು ಸೇರಿಸಿದರು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಓದುವಷ್ಟು ದೃಷ್ಟಿ ಅವರಿಗೆ ಬರಲಿಲ್ಲ. ಆದರೆ ವಿಶೇಷ ಕನ್ನಡಕ ಹಾಕಿಕೊಂಡು, ಮೇಜಿನ ಮೇಲಿದ್ದ ನೋಟ್‌ಬುಕ್ಕನ್ನು ಕೈಚಾಚಿ ಮುಟ್ಟಿದರು. ಅವರು ಮೊದಲು ಗುರುತಿಸಿದ್ದು ರಸ್ತೆ ದಾಟುವ ಜಾಗದ ಬಿಳಿ ಪಟ್ಟಿಗಳನ್ನು.