ಹೊಲಿಗೆ ಹಾಕಿಸಿಕೊಂಡು ಮನೆಗೆ ಹೋದ ಮೇಲೆ

ಮಚ್ಚೆ, ನರಹುಲಿ, ಬೆನ್ನಿನ ಗಂಟು ತೆಗೆಸಿಕೊಳ್ಳಲು ಬಂದವರು ಅರ್ಧ ಗಂಟೆಯೊಳಗೆ ಎದ್ದು ಮನೆಗೆ ಹೊರಡುತ್ತಾರೆ. ಮುಂದಿನ ಎರಡು ವಾರದ ಕೆಲಸ ಮನೆಯವರದು. ಚರ್ಮವೈದ್ಯನಾಗಿ ಹೊಲಿಗೆ ಹಾಕಿ, ಬಿಚ್ಚಿ ನಾನು ಕಂಡುಕೊಂಡದ್ದು ಇಷ್ಟು: ಗಾಯ ಕೆಡುವುದು ಅಲಕ್ಷ್ಯದಿಂದ ಕಡಿಮೆ, ಅತಿ ಉಪಚಾರದಿಂದ ಹೆಚ್ಚು.

1. ಮೊದಲ ರಾತ್ರಿ ಬಟ್ಟೆಗೆ ರಕ್ತ ಹತ್ತಿದರೆ ಗಾಬರಿ ಬೇಡ. ಮರಗಟ್ಟಿಸುವ ಇಂಜೆಕ್ಷನ್ನಿನಲ್ಲಿ ಸಾಮಾನ್ಯವಾಗಿ ಅಡ್ರಿನಲಿನ್ ಬೆರೆಸಿರುತ್ತೇವೆ. ಅದು ರಕ್ತನಾಳಗಳನ್ನು ಕುಗ್ಗಿಸುತ್ತದೆ. ಕೆಲವು ಗಂಟೆಗಳ ನಂತರ ಅದರ ಪ್ರಭಾವ ಇಳಿದಾಗ ಸ್ವಲ್ಪ ಜಿನುಗುವುದುಂಟು. ಶುಭ್ರ ಬಟ್ಟೆಯಿಟ್ಟು ಇಪ್ಪತ್ತು ನಿಮಿಷ ಬಿಡದೆ ಒತ್ತಬೇಕು. ಜನ ಎರಡು ನಿಮಿಷಕ್ಕೊಮ್ಮೆ ಎತ್ತಿ ನೋಡುತ್ತಾರೆ, ಕಟ್ಟಿದ ಹೆಪ್ಪು ಒಡೆಯುತ್ತದೆ. ಅದಕ್ಕೇ ನಾನು ‘ಟಿವಿಯಲ್ಲಿ ಒಂದು ಧಾರಾವಾಹಿ ಮುಗಿಯುವವರೆಗೆ ಕೈ ತೆಗೀಬೇಡಿ’ ಎನ್ನುತ್ತೇನೆ. ಆಮೇಲೂ ನಿಲ್ಲದಿದ್ದರೆ ಆಸ್ಪತ್ರೆಗೆ ಬನ್ನಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

2. ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸುವುದು ಹಳೆಯ ಪದ್ಧತಿ. 1962ರಲ್ಲಿ ಜಾರ್ಜ್ ವಿಂಟರ್ ಹಂದಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ತೇವವಾಗಿ ಮುಚ್ಚಿಟ್ಟ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿತು. ಗಟ್ಟಿ ಹಕ್ಕಳೆ ಕಟ್ಟಿದರೆ ಹೊಸ ಜೀವಕೋಶಗಳು ಅದರ ಅಡಿಯಲ್ಲಿ ದಾರಿ ಕೊರೆದುಕೊಂಡು ಸಾಗಬೇಕು. ತೆಳ್ಳಗೆ ವ್ಯಾಸಲಿನ್ ಸವರಿ, ಮೇಲೊಂದು ಗಾಜ್ ಬಟ್ಟೆ ಅಂಟಿಸಿದರೆ ಆ ಕಷ್ಟವಿಲ್ಲ. ಪೌಡರ್ ಉದುರಿಸಬೇಡಿ, ಅದು ಗಾರೆಯ ಹಾಗೆ ಗಟ್ಟಿಯಾಗುತ್ತದೆ. ಆ್ಯಂಟಿಬಯಾಟಿಕ್ ಮುಲಾಮೂ ಎಲ್ಲರಿಗೂ ಬೇಕಿಲ್ಲ. ನಿಯೊಮೈಸಿನ್ ಇರುವಂಥವು ಕೆಲವರಿಗೆ ಒಗ್ಗದೆ ತುರಿಕೆ ಎಬ್ಬಿಸುತ್ತವೆ. ವೈದ್ಯರು ಬರೆದುಕೊಟ್ಟಿದ್ದರೆ ಹಚ್ಚಿ.

3. ಮೊದಲ ಒಂದೆರಡು ದಿನ ನೀರು ತಾಗಿಸಬೇಡಿ. ಆಮೇಲೆ ಸ್ನಾನ ಮಾಡಬಹುದು. ಸೋಪಿನ ನೊರೆ ಗಾಯದ ಮೇಲೆ ಹರಿದರೆ ಏನೂ ಆಗದು. ಉಜ್ಜದೆ, ಮೆತ್ತಗೆ ಒತ್ತಿ ಒರೆಸಿಕೊಳ್ಳಿ. ಕೆರೆ, ಈಜುಕೊಳ ಹೊಲಿಗೆ ಬಿಚ್ಚುವವರೆಗೂ ಬೇಡ. ಡೆಟಾಲ್, ಸ್ಪಿರಿಟ್, ನೊರೆಯೇಳುವ ಹೈಡ್ರೋಜನ್ ಪೆರಾಕ್ಸೈಡ್ ಇವು ಕ್ರಿಮಿಯ ಜೊತೆಗೆ ಹೊಸ ಜೀವಕೋಶಗಳನ್ನೂ ಸುಡುತ್ತವೆ.

4. ಬೆನ್ನಿನ ಗಂಟು ತೆಗೆಸಿಕೊಂಡ ಹೆಣ್ಣುಮಗಳೊಬ್ಬಳು ನಾಲ್ಕನೇ ದಿನವೇ ಬಂದಳು. ಡ್ರೆಸ್ಸಿಂಗ್ ಬಿಚ್ಚಿದರೆ ಘಮ್ಮೆಂದು ಕಾಫಿ ವಾಸನೆ. ಹೊಲಿಗೆಯ ಗಂಟುಗಂಟಿಗೂ ಕಾಫಿಪುಡಿ ಮೆತ್ತಿಕೊಂಡಿತ್ತು. ಸಲೈನಿನಲ್ಲಿ ನೆನೆಸಿ ನೆನೆಸಿ ತೆಗೆಯುವಷ್ಟರಲ್ಲಿ ಅವಳ ಕಣ್ಣಲ್ಲಿ ನೀರು. ಪುಡಿಯ ಕೆಳಗೆ ಕೀವು. ಕಾಫಿಪುಡಿ, ಅರಿಶಿನ, ಸುಣ್ಣ, ಯಾವುದಾದರೂ ಅಷ್ಟೇ: ಡಬ್ಬಿಯಲ್ಲಿರುವ ಪುಡಿ ಕ್ರಿಮಿರಹಿತವಲ್ಲ. ಅರಿಶಿನ ಸಾರಿಗಿರಲಿ.

5. ಅದೇ ಹೆಣ್ಣುಮಗಳ ಮಾತು: ‘ನಂಜಾಗುತ್ತೆ ಅಂತ ನಮ್ಮತ್ತೆ ಬದನೆಕಾಯಿ ಬೇಡ ಅಂದ್ರು, ಮೊಟ್ಟೆ ಬೇಡ ಅಂದ್ರು, ಬೇಳೇನೂ ಬೇಡ ಅಂದ್ರು ಡಾಕ್ಟ್ರೇ.’ ‘ಮತ್ತೇನು ತಿಂದ್ರಮ್ಮ?’ ‘ಗಂಜಿ.’ ಹೊಸ ಚರ್ಮ ಹೆಣೆಯಲು ಪ್ರೋಟೀನ್ ಬೇಕು. ಅದಿರುವುದೆಲ್ಲವನ್ನೂ ಪಥ್ಯದ ಹೆಸರಿನಲ್ಲಿ ಬಿಡಿಸಿದ್ದರು. ನಿಮಗೆ ಅಲರ್ಜಿಯಿರುವುದೊಂದನ್ನು ಬಿಟ್ಟು ಎಲ್ಲ ತಿನ್ನಿ. ಬಿಡಬೇಕಾದ್ದು ಬೀಡಿ, ಸಿಗರೇಟು, ತಂಬಾಕು. ಅದನ್ನು ಬಿಡಿಸುವ ಅತ್ತೆಯನ್ನು ನಾನಿನ್ನೂ ಕಂಡಿಲ್ಲ.

6. ಮೊದಲ ಎರಡು ಮೂರು ದಿನ ಅಂಚು ಕೆಂಪಗಿದ್ದು ತುಸು ಊದಿಕೊಳ್ಳುವುದು ಸಹಜ. ಬಳಿಕ ಅದು ದಿನೇ ದಿನೇ ಇಳಿಯಬೇಕು. ಅನುಮಾನವಿದ್ದರೆ ಕೆಂಪಿನ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆಯಿರಿ. ಮರುದಿನ ಕೆಂಪು ಗೆರೆ ದಾಟಿದ್ದರೆ, ನೋವು ಏರುತ್ತಿದ್ದರೆ, ಕೀವು ಅಥವಾ ಜ್ವರ ಕಂಡರೆ ಅಂದೇ ಬನ್ನಿ. ಸಕ್ಕರೆ ಕಾಯಿಲೆಯವರು, ಅದರಲ್ಲೂ ಗಾಯ ಕಾಲಿನಲ್ಲಿದ್ದರೆ, ಗೆರೆ ದಾಟುವವರೆಗೂ ಕಾಯಬೇಡಿ.

7. ಹೊಲಿಗೆ ಬಿಚ್ಚುವ ದಿನ ಮುಖಕ್ಕೆ 5ರಿಂದ 7, ತಲೆಗೆ 7ರಿಂದ 10, ಬೆನ್ನು ಕಾಲುಗಳಿಗೆ 10ರಿಂದ 14. ಮದುವೆಗೆ ಹೋಗಬೇಕೆಂದು ಬೆನ್ನಿನದನ್ನು ಬೇಗ ಬಿಚ್ಚಿಸಿದರೆ ಬಾಯಿ ಬಿಡುತ್ತದೆ; ಮುಖದ್ದನ್ನು ಮರೆತು ಕೂತರೆ ದಾರದ ಗುರುತು ಉಳಿಯುತ್ತದೆ. ಬಿಚ್ಚಿದ ದಿನ ಆ ಜಾಗಕ್ಕೆ ಮೊದಲಿನ ಬಲದ ಹತ್ತರಲ್ಲೊಂದು ಪಾಲು ಇದ್ದರೆ ಹೆಚ್ಚು. ಅಕ್ಕಿಮೂಟೆ, ನೀರಿನ ಕ್ಯಾನು, ಜಿಮ್ಮು ಇನ್ನೂ ಕೆಲವು ವಾರ ಬೇರೆಯವರ ಪಾಲಿಗಿರಲಿ.

8. ದ್ರವ ಸಾರಜನಕದಿಂದ ನರಹುಲಿ ಸುಡಿಸಿಕೊಂಡವರಿಗೆ ನೀರ್ಗುಳ್ಳೆ ಏಳುತ್ತದೆ. ಏಳಲಿ. ಸೂಜಿ ಚುಚ್ಚಬೇಡಿ.

9. ತೆಗೆದ ಮಚ್ಚೆಯನ್ನೋ ಗಂಟನ್ನೋ ಬಯಾಪ್ಸಿಗೆ ಕಳಿಸಿದ್ದರೆ ರಿಪೋರ್ಟ್ ಬರಲು ಕೆಲವು ದಿನ ಹಿಡಿಯುತ್ತದೆ. ಗಾಯ ಮಾಯ್ದ ಖುಷಿಯಲ್ಲಿ ಎಷ್ಟೋ ಜನ ಅದನ್ನು ಮರೆತೇಬಿಡುತ್ತಾರೆ. ಒಳಗಿದ್ದದ್ದು ಏನು ಎಂಬುದು ಆ ಹಾಳೆಯಲ್ಲಿ ಮಾತ್ರ ಇರುತ್ತದೆ; ದಯವಿಟ್ಟು ಬಂದು ತೆಗೆದುಕೊಳ್ಳಿ, ವೈದ್ಯರಿಗೆ ತೋರಿಸಿ.