ಮೊದಲು ಹಾಲು, ಆಮೇಲೆ ಕಾಲು

ತಮ್ಮಾ, ನಿನ್ನ ಮಾರ್ವಾಡಿ ಕುದುರೆಗೆ ಹತ್ತು ತಿಂಗಳು ತುಂಬಿತು ಅಂತ ಕೇಳಿ ಸಂತೋಷವಾಯಿತು. ಕುದುರೆ ಈಯುವುದು ಸುಮಾರು 340 ದಿನಕ್ಕೆ, ಅಂದರೆ ಇನ್ನೇನು ತಿಂಗಳ ಮೇಲೆ ಕೆಲವು ದಿನ. ಮರಿ ಹುಟ್ಟಿತು ಅಂದ ಕೂಡಲೇ ಊರಿನವರು ಬಂದು ಅದರ ಕಾಲು, ಕಿವಿ, ಸುಳಿ ನೋಡಿ ಇದು ಏಳುತ್ತೆ, ಇದು ಕೂಡುತ್ತೆ ಅಂತ ತೀರ್ಪು ಕೊಟ್ಟುಬಿಡುತ್ತಾರೆ. ಬಂದವರಿಗೆ ಎಲೆ ಅಡಿಕೆ ಕೊಡು. ತೀರ್ಪನ್ನು ಮಾತ್ರ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮೊದಲ ದಿನ ಮರಿಯ ಚೆಂದ ಅಳೆಯುವ ದಿನವಲ್ಲ, ಅದನ್ನು ಉಳಿಸಿಕೊಳ್ಳುವ ದಿನ.

ಅವತ್ತು ನಿನ್ನ ಕಣ್ಣು ಗಡಿಯಾರದ ಮೇಲಿರಲಿ. ಒಂದು ಗಂಟೆಯೊಳಗೆ ಮರಿ ಎದ್ದು ನಿಲ್ಲಬೇಕು. ಎರಡು ಗಂಟೆಯೊಳಗೆ ಮೊಲೆ ಹುಡುಕಿ ಹಾಲು ಕುಡಿಯಬೇಕು. ಮೂರು ಗಂಟೆಯೊಳಗೆ ತಾಯಿಯ ಮಾಸು ಪೂರ್ತಿ ಬೀಳಬೇಕು. ಬಿದ್ದ ಮಾಸನ್ನು ಹಾಗೇ ಹೂಳಬೇಡ. ನೆಲದ ಮೇಲೆ ಹರಡಿ ಇಡಿಯಾಗಿದೆಯೇ ನೋಡು, ವೈದ್ಯರಿಗೂ ತೋರಿಸು. ಒಂದು ತುಂಡು ಒಳಗೆ ಉಳಿದರೂ ತಾಯಿಗೆ ನಂಜೇರುತ್ತದೆ, ಕಾಲಿನ ಗೊರಸಿಗೂ ಇಳಿಯುತ್ತದೆ. ಈ ಮೂರರಲ್ಲಿ ಯಾವುದು ತಡವಾದರೂ ಬೆಳಗಾಗಲಿ ಅಂತ ಕಾಯದೆ ಫೋನ್ ಮಾಡು.

ಎರಡನೆಯ ಗಂಟೆಯ ಹಾಲು ಯಾಕೆ ಅಷ್ಟು ಮುಖ್ಯ ಅನ್ನುವುದನ್ನು ಸರಿಯಾಗಿ ತಿಳಿದುಕೋ. ಮನುಷ್ಯರ ಕೂಸಿಗೆ ಹೊಟ್ಟೆಯಲ್ಲಿರುವಾಗಲೇ ತಾಯಿಯ ರಕ್ತದಿಂದ ರೋಗ ತಡೆಯುವ ಶಕ್ತಿ ಬರುತ್ತದೆ. ಕುದುರೆಯ ಮಾಸು ಅದನ್ನು ದಾಟಗೊಡುವುದಿಲ್ಲ. ಹಾಗಾಗಿ ಮರಿ ಹುಟ್ಟುವಾಗ ಹೆಚ್ಚುಕಡಿಮೆ ಬರಿಗೈ. ಬರಬೇಕಾದ್ದೆಲ್ಲ ಗಿಣ್ಣು ಹಾಲಿನಲ್ಲೇ ಬರಬೇಕು. ಅದನ್ನು ಹೀರಿಕೊಳ್ಳುವ ಗುಣ ಮರಿಯ ಕರುಳಿಗೆ ಇರುವುದೂ ಸ್ವಲ್ಪ ಹೊತ್ತು ಮಾತ್ರ. ಮೊದಲ ಆರೇಳು ಗಂಟೆ ಚೆನ್ನಾಗಿ ಹೀರುತ್ತದೆ, ಹನ್ನೆರಡು ಗಂಟೆಯ ಹೊತ್ತಿಗೆ ತಗ್ಗುತ್ತದೆ, 24 ಗಂಟೆ ಕಳೆದರೆ ಎಷ್ಟು ಗಿಣ್ಣು ಕುಡಿಸಿದರೂ ಅದು ಬರೀ ಆಹಾರ. ಗಿಣ್ಣು ಜಾಸ್ತಿಯಾದರೆ ಭೇದಿಯಾಗುತ್ತೆ ಅಂತ ಹಿಂಡಿ ಚೆಲ್ಲುವವರ ಮಾತು ಕೇಳಲೇಬೇಡ. ಇನ್ನೊಂದು: ಈಯುವ ಮೊದಲೇ ಕೆಚ್ಚಲಿನಿಂದ ಹಾಲು ತೊಟ್ಟಿಕ್ಕತೊಡಗಿದರೆ ಗಿಣ್ಣು ಸೋರಿಹೋಗುತ್ತಿದೆ ಅಂತಲೇ ಅರ್ಥ. ಕೂಡಲೇ ವೈದ್ಯರಿಗೆ ಹೇಳು, ಬೇರೆ ಕಡೆಯಿಂದ ಗಿಣ್ಣು ಹೊಂದಿಸಲು ಆಗ ಸಮಯ ಸಿಗುತ್ತದೆ.

ಮರಿಗೆ 18ರಿಂದ 24 ಗಂಟೆಯಾದಾಗ ರಕ್ತ ತೆಗೆಸಿ, ಗಿಣ್ಣಿನಿಂದ ರೋಗ ತಡೆಯುವ ಶಕ್ತಿ ಎಷ್ಟು ಬಂದಿದೆ ಅಂತ ಹೇಳುವ ಐಜಿಜಿ ಪರೀಕ್ಷೆ ಮಾಡಿಸು. ಒಂದು ಡೆಸಿಲೀಟರಿಗೆ 800 ಮಿಲಿಗ್ರಾಂ ಮೇಲಿದ್ದರೆ ನೆಮ್ಮದಿ. 400ಕ್ಕಿಂತ ಕೆಳಗಿದ್ದರೆ ಮರಿಗೆ ರಕ್ಷಣೆಯೇ ಸಿಕ್ಕಿಲ್ಲ, ಪ್ಲಾಸ್ಮಾ ಕೊಡಿಸಬೇಕಾಗುತ್ತದೆ. ಖರ್ಚಿನ ಮಾತು ಹೌದು. ಆದರೆ ನಂಜು ಹತ್ತಿದ ಮರಿಗೆ ಮಾಡುವ ಖರ್ಚು ಇದಕ್ಕಿಂತ ಎಷ್ಟೋ ಹೆಚ್ಚು, ಅದನ್ನು ಮಾಡಿಯೂ ಮರಿ ಉಳಿಯುತ್ತದೆ ಅನ್ನುವ ಖಾತ್ರಿಯಿಲ್ಲ.

ಹೊಕ್ಕುಳ ಬಳ್ಳಿಯನ್ನು ನೀನು ಕತ್ತರಿಸಬೇಡ. ತಾಯಿ ಏಳುವಾಗಲೋ ಮರಿ ಒದ್ದಾಡುವಾಗಲೋ ಅದರ ಜಾಗದಲ್ಲಿ ಅದೇ ಹರಿಯುತ್ತದೆ. ಉಳಿದ ತುದಿಯನ್ನು ವೈದ್ಯರು ಬೆರೆಸಿಕೊಟ್ಟ ತೆಳು ಕ್ಲೋರ್‌ಹೆಕ್ಸಿಡಿನ್ ದ್ರಾವಣದಲ್ಲಿ ದಿನಕ್ಕೆರಡು ಮೂರು ಸಲ, ಎರಡು ಮೂರು ದಿನ ಅದ್ದು. ಗಟ್ಟಿ ಅಯೋಡಿನ್ ಬೇಡ, ಚರ್ಮ ಸುಡುತ್ತದೆ. ಅರಿಶಿನ, ಬೂದಿ, ಸಗಣಿ ಯಾವುದೂ ಬೇಡ. ಕುದುರೆಯ ಲದ್ದಿ ಬಿದ್ದ ನೆಲದಲ್ಲಿ ಧನುರ್ವಾಯುವಿನ ಬೀಜಾಣು ಇದ್ದೇ ಇರುತ್ತದೆ. ಈಯುವ ನಾಲ್ಕರಿಂದ ಆರು ವಾರ ಮೊದಲು ತಾಯಿಗೆ ಧನುರ್ವಾಯುವಿನ ಲಸಿಕೆ ಹಾಕಿಸಿದರೆ ಗಿಣ್ಣಿನ ಮೂಲಕ ಮರಿಗೂ ಆ ರಕ್ಷಣೆ ಇಳಿಯುತ್ತದೆ. ನಿನ್ನ ಕುದುರೆಗೆ ಈಗ ಸರಿಯಾಗಿ ಆ ಹೊತ್ತೇ ಬಂದಿದೆ. ಈ ಕಾಗದ ಓದಿ ಮುಗಿಸಿದ ಮೇಲೆ ಮಾಡುವ ಮೊದಲ ಕೆಲಸ ಅದಾಗಲಿ.

ಮೊದಲ ಲದ್ದಿ ಕಪ್ಪಗೆ ಅಂಟಂಟಾಗಿರುತ್ತದೆ. ಒಂದು ದಿನದೊಳಗೆ ಅದು ಹೊರಬಿದ್ದು ಹಳದಿ ಲದ್ದಿ ಶುರುವಾಗಬೇಕು. ಮರಿ ಮುಕ್ಕುತ್ತಿದ್ದರೆ ಹೇಗೆ ಮುಕ್ಕುತ್ತಿದೆ ಅಂತ ಗಮನಿಸು. ಬೆನ್ನು ಮೇಲಕ್ಕೆ ಬಾಗಿಸಿ ಬಾಲ ಎತ್ತಿ ಮುಕ್ಕಿದರೆ ಲದ್ದಿ ಸಿಕ್ಕಿಕೊಂಡಿದೆ, ಎನಿಮಾ ಬೇಕಾಗಬಹುದು. ಬೆನ್ನು ಕೆಳಕ್ಕೆ ಇಳಿಸಿ ಕಾಲು ಅಗಲಿಸಿ ನಿಂತು ಹನಿ ಹನಿ ಉಚ್ಚೆ ಹೊಯ್ದರೆ ಮೂತ್ರಕೋಶ ಒಡೆದಿರುವ ಸಂಭವವಿದೆ. ಇದು ಗಂಡು ಮರಿಗಳಲ್ಲೇ ಹೆಚ್ಚು, ಎರಡನೆಯ ಮೂರನೆಯ ದಿನಕ್ಕೆ ಹೊಟ್ಟೆ ಉಬ್ಬಿ ಗೊತ್ತಾಗುತ್ತದೆ. ಅದಕ್ಕೆ ಆಪರೇಷನ್ ಬಿಟ್ಟು ದಾರಿಯಿಲ್ಲ.

ಮರಿಯ ಕಾಯಿಲೆಯನ್ನು ನಿನಗೆ ಮೊದಲು ಹೇಳುವುದು ಮರಿಯಲ್ಲ, ತಾಯಿಯ ಕೆಚ್ಚಲು. ಕೆಚ್ಚಲು ಬಿಗಿದು ಹಾಲು ಜಿನುಗುತ್ತಿದೆ, ಮರಿಯ ಹಣೆಯ ಮೇಲೆ ಹಾಲು ಒಣಗಿದೆ ಅಂದರೆ ಅದು ಕೆಚ್ಚಲ ಕೆಳಗೆ ಹೋಗಿ ನಿಂತಿದೆಯೇ ಹೊರತು ಕುಡಿದಿಲ್ಲ. ಹತ್ತಿರ ಹೋಗಿ ಥರ್ಮಾಮೀಟರ್ ಇಡು. 37.2ರಿಂದ 38.9 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದರೆ ಸರಿ. ಮೇಲಿದ್ದರೂ ಕೆಳಗಿದ್ದರೂ ವೈದ್ಯರು ಬರಬೇಕು. ಹುಟ್ಟಿ ಆರರಿಂದ ಹದಿನಾಲ್ಕು ದಿನದ ನಡುವೆ ಸ್ವಲ್ಪ ಭೇದಿಯಾಗುವುದು ಸಹಜ. ಮರಿ ಲವಲವಿಕೆಯಿಂದ ಹಾಲು ಕುಡಿಯುತ್ತಿದ್ದರೆ ಅದಕ್ಕೆ ಗಾಬರಿ ಬೇಡ. ಮರಿ ತಾಯಿಯ ಲದ್ದಿ ತಿನ್ನುವುದನ್ನು ಕಂಡು ಹೊಡೆಯಬೇಡ, ಹುಲ್ಲು ಅರಗಿಸುವ ಜೀವಾಣುಗಳು ಅದರ ಹೊಟ್ಟೆ ಸೇರುವುದು ಹಾಗೆಯೇ.

ಇನ್ನು ಈ ಒಂದು ಮಾತನ್ನು ಲಾಯದ ಗೋಡೆಯ ಮೇಲೆ ಬರೆದಿಡು: ಕುಂಟುವ ಎಳೆ ಮರಿಗೆ ಕೀಲಿನ ನಂಜು ಇದೆ ಅಂತಲೇ ಇಟ್ಟುಕೋ, ಅಲ್ಲ ಅಂತ ಪರೀಕ್ಷೆ ಹೇಳುವವರೆಗೆ. ತಾಯಿ ತುಳಿದಿರಬೇಕು, ನಾಳೆಗೆ ಸರಿಹೋಗುತ್ತೆ ಅಂತ ಸುಮ್ಮನಿದ್ದವರ ಮರಿಗಳು ಬದುಕಿದರೂ ಕೀಲು ಕಳೆದುಕೊಂಡಿವೆ. ಹೊಕ್ಕುಳಿನಿಂದಲೋ ಕರುಳಿನಿಂದಲೋ ಹೊಕ್ಕ ನಂಜು ರಕ್ತದಲ್ಲಿ ಹರಿದು ಕೀಲಿನಲ್ಲಿ ಕೂತುಬಿಡುತ್ತದೆ. ಅದನ್ನು ಅದೇ ದಿನ ಹಿಡಿಯಬೇಕು.

ಇಷ್ಟು ದಾಟಿದ ಮೇಲೆ ಕಾಲಿನ ವಿಚಾರ. ಹುಟ್ಟಿದ ಮರಿ ಸುಮಾರು ತಾಯಿಯ ತೂಕದ ಹತ್ತನೆಯ ಒಂದು ಪಾಲು ಇರುತ್ತದೆ. ಆದರೆ ಕಾಲು ಆಗಲೇ ಉದ್ದ. ಕಿರಿದಾದ ಎದೆಯ ಕೆಳಗೆ ಆ ಉದ್ದ ಕಾಲುಗಳು ಹೊರಮುಖವಾಗಿ ನಿಂತಿರುತ್ತವೆ. ಅದನ್ನು ನೋಡಿ ಸೊಟ್ಟ ಕಾಲು ಅನ್ನಬೇಡ. ನೋಡುವ ಕ್ರಮ ಹೀಗೆ: ಗಟ್ಟಿಯಾದ ಸಮತಟ್ಟು ನೆಲದ ಮೇಲೆ ಮರಿಯನ್ನು ನಿಲ್ಲಿಸಿಕೋ. ನೀನು ಮರಿಯ ಎದೆಗೆ ಎದುರಾಗಿ ನಿಲ್ಲದೆ, ಕಾಲಿಗೆ ಎದುರಾಗಿ ನಿಲ್ಲು, ಒಂದೊಂದು ಕಾಲಿಗೂ ಬೇರೆ ಬೇರೆಯಾಗಿ. ಮೊಣಕಾಲು, ಗೊರಸಿನ ಮೇಲಿನ ಫೆಟ್ಲಾಕ್ ಗೆಣ್ಣು, ಗೊರಸಿನ ತುದಿ ಈ ಮೂರೂ ಒಂದೇ ದಿಕ್ಕಿಗೆ ಮುಖ ಮಾಡಿದ್ದರೆ ಇಡೀ ಕಾಲು ತಿರುಗಿದೆ ಅಷ್ಟೆ. ಎದೆ ಅಗಲವಾದಂತೆ ಅದು ತಾನೇ ನೇರವಾಗುತ್ತದೆ. ಮೊಣಕಾಲು ಒಂದು ಕಡೆ, ಗೊರಸು ಇನ್ನೊಂದು ಕಡೆ ನೋಡುತ್ತಿದ್ದರೆ ಕೋನ ಎಲ್ಲೋ ನಡುವೆ ತಪ್ಪಿದೆ, ಅದು ತಾನಾಗಿ ಹೋಗುತ್ತೆ ಅಂತ ಬಿಡುವಂಥದ್ದಲ್ಲ.

ಮೊಣಕಾಲುಗಳು ಒಳಕ್ಕೆ ಸ್ವಲ್ಪ ಕೂಡಿಕೊಂಡಂತೆ ಇದ್ದರೆ ಎಳೆ ಮರಿಯಲ್ಲಿ ಅದು ದೋಷವಲ್ಲ. ನಿಜ ಹೇಳಬೇಕೆಂದರೆ ಎರಡು ವಾರದ ಮರಿಯ ಕಾಲು ಕಂಬದ ಹಾಗೆ ನೆಟ್ಟಗಿದ್ದರೆ ನನಗೆ ಅನುಮಾನ ಬರುತ್ತದೆ, ಎದೆ ಹರಡಿದ ಮೇಲೆ ಅದು ಒಳಮುಖವಾಗಿಬಿಡಬಹುದು ಅಂತ. ಕಾಲು ಬಿಲ್ಲಿನಂತೆ ಹೊರಬಾಗಿದ್ದರೆ ಮಾತ್ರ ಬೇಗ ತೋರಿಸು.

ಇಲ್ಲಿ ಮತ್ತೆ ಕಾಲದ ಲೆಕ್ಕ ಬರುತ್ತದೆ. ಎಲ್ಲ ಮೂಳೆಯೂ ಒಂದೇ ಹೊತ್ತಿಗೆ ಬೆಳೆದು ಮುಗಿಯುವುದಿಲ್ಲ. ಫೆಟ್ಲಾಕಿನ ಮೇಲಿನ ಮೂಳೆ ಚುರುಕಾಗಿ ಬೆಳೆಯುವುದು ಮೊದಲ ಎರಡು ಮೂರು ತಿಂಗಳು ಮಾತ್ರ. ಮೊಣಕಾಲಿನ ಮೇಲಿನ ಮೂಳೆಗೆ ಅದಕ್ಕಿಂತ ಹೆಚ್ಚು ಅವಕಾಶವಿದೆ, ಆರೇಳು ತಿಂಗಳವರೆಗೂ ಚುರುಕಾಗಿ ಬೆಳೆಯುತ್ತದೆ. ಹಾಗಾಗಿ ಮೊಣಕಾಲಿನ ಸೊಟ್ಟನ್ನು ನೋಡಿಕೊಂಡು ಕಾಯಬಹುದು, ಫೆಟ್ಲಾಕಿನದನ್ನು ಕಾಯುವ ಹಾಗಿಲ್ಲ. ನಾಲ್ಕನೆಯ ತಿಂಗಳಲ್ಲಿ ಫೆಟ್ಲಾಕ್ ಸರಿಮಾಡಿಸಲು ಹೊರಟರೆ ಮೂಳೆ ನಿನ್ನ ಮಾತು ಕೇಳುವ ಕಾಲ ಕಳೆದಿರುತ್ತದೆ. ಹದಿನೈದು ದಿನಕ್ಕೊಮ್ಮೆ ಅದೇ ಜಾಗದಲ್ಲಿ, ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಫೋಟೋ ತೆಗೆದಿಡು. ದಿನಾ ನೋಡುವ ಕಣ್ಣಿಗೆ ಬದಲಾವಣೆ ತಿಳಿಯುವುದಿಲ್ಲ, ಫೋಟೋಗೆ ತಿಳಿಯುತ್ತದೆ. ನಾಲ್ಕರಿಂದ ಆರು ವಾರಕ್ಕೆ ಲಾಳ ಕಟ್ಟುವವರನ್ನು ಕರೆಸಿ ಗೊರಸು ಸವರಿಸು, ಆಮೇಲೆ ತಿಂಗಳಿಗೊಮ್ಮೆ. ಗೊರಸನ್ನು ಸಮವಾಗಿ ಇಡುವುದರಲ್ಲೇ ಅರ್ಧ ಸೊಟ್ಟು ತಪ್ಪುತ್ತದೆ.

ಕೆಲವು ಮರಿಗಳು ಹುಟ್ಟಿದಾಗ ಗೊರಸಿನ ತುದಿ ಮೇಲೆತ್ತಿ ಹಿಮ್ಮಡಿಯ ಮೇಲೆ ನಡೆಯುತ್ತವೆ. ಸ್ನಾಯುರಜ್ಜು ಸಡಿಲವಾಗಿದೆ ಅಷ್ಟೆ. ಬಿಗಿಯಾಗಿ ಪಟ್ಟಿ ಸುತ್ತಬೇಡ, ಇನ್ನೂ ಸಡಿಲವಾಗುತ್ತದೆ. ಗಟ್ಟಿ ನೆಲದಲ್ಲಿ ದಿನಕ್ಕೆ ಸ್ವಲ್ಪ ಸ್ವಲ್ಪ ಓಡಾಡಿಸಿದರೆ ಬಹುಪಾಲು ಮರಿಗಳಿಗೆ ವಾರದೊಳಗೆ ಬಲ ಬರುತ್ತದೆ. ಇದಕ್ಕೆ ತಿರುಗುಮುರುಗಾಗಿ ರಜ್ಜು ಬಿಗಿದು ಗೊರಸಿನ ತುದಿಯ ಮೇಲೆ ನಿಲ್ಲುವ ಮರಿಗೆ ವೈದ್ಯರು ಆಕ್ಸಿಟೆಟ್ರಾಸೈಕ್ಲಿನ್ ಕೊಡುವುದುಂಟು. ಅದು ಮೂತ್ರಪಿಂಡಕ್ಕೆ ಭಾರವಾಗುವ ಮದ್ದು, ಮೆಡಿಕಲ್ ಶಾಪಿನಿಂದ ತಂದು ನೀನೇ ಚುಚ್ಚಬೇಡ. 320 ದಿನಕ್ಕೆ ಮೊದಲೇ ಹುಟ್ಟಿದ ಮರಿಯಾಗಲಿ ಅವಳಿಯಾಗಲಿ ಆದರೆ ಓಡಲು ಬಿಡುವ ಮೊದಲು ಮುಂಗಾಲಿನ ಮೊಣಕಾಲು, ಹಿಂಗಾಲಿನ ನಡುವಿನ ಹಾಕ್ ಕೀಲು ಎರಡಕ್ಕೂ ಎಕ್ಸ್‌ರೇ ತೆಗೆಸು. ಅಲ್ಲಿನ ಸಣ್ಣ ಮೂಳೆಗಳು ಇನ್ನೂ ಮೆತ್ತಗಿದ್ದರೆ ಓಟದ ಭಾರಕ್ಕೆ ಜಜ್ಜಿಹೋಗುತ್ತವೆ, ಮತ್ತೆ ಆಕಾರಕ್ಕೆ ಬರುವುದಿಲ್ಲ.

ಸುಳಿ ಬಗ್ಗೆ ನೀನು ಕೇಳಿದ್ದೆ. ನಮ್ಮಲ್ಲೂ ರಾಜಸ್ಥಾನದಲ್ಲೂ ಕುದುರೆಯ ಸುಳಿ ನೋಡುವ ಪದ್ಧತಿ ಹಳೆಯದು. ಅದನ್ನು ನಂಬುವವರ ಜತೆ ಜಗಳ ಬೇಡ. ಆದರೆ ಒಳ್ಳೆಯ ಸುಳಿಯಿದ್ದ ಕುಂಟು ಕುದುರೆಯನ್ನೂ, ಕೆಟ್ಟ ಸುಳಿ ಅಂತ ಮೂಲೆಗೆ ತಳ್ಳಿದ ಗಟ್ಟಿ ಕುದುರೆಯನ್ನೂ ನಾನು ಬೇಕಾದಷ್ಟು ಕಂಡಿದ್ದೇನೆ. ಸುಳಿಗಾಗಿ ಒಂದು ಮರಿಯನ್ನು ಕಡೆಗಣಿಸುವುದು ಅನ್ಯಾಯ.

13ನೆಯ ಶತಮಾನದ ಕೊನೆಗೆ ತಮಿಳು ಕರಾವಳಿಯ ಮಬಾರ್ ಸೀಮೆಯ ಬಗ್ಗೆ ಮಾರ್ಕೋ ಪೋಲೋ ಹೇಳಿದ ಒಂದು ಸಂಗತಿ ನನ್ನನ್ನು ಬಹಳ ಕಾಡಿದೆ. ಅಲ್ಲಿನ ಅರಸರು ಪ್ರತಿ ವರ್ಷ ಸಮುದ್ರದಾಚೆಯಿಂದ ಸಾವಿರಾರು ಕುದುರೆ ತರಿಸುತ್ತಿದ್ದರಂತೆ. ಆರೈಕೆ ತಿಳಿಯದೆ ಹೆಚ್ಚಿನವು ವರ್ಷದೊಳಗೇ ಸಾಯುತ್ತಿದ್ದವಂತೆ. ಬೇಯಿಸಿದ ಅನ್ನ, ಮಾಂಸ ಹಾಕುತ್ತಿದ್ದರಂತೆ. ಉತ್ತಮ ಗಂಡಿಗೂ ಉತ್ತಮ ಹೆಣ್ಣಿಗೂ ಹುಟ್ಟಿದ ಮರಿ ಕೂಡ ಕಾಲು ತಿರುಚಿಕೊಂಡು ಸವಾರಿಗೆ ಬಾರದ್ದಾಗುತ್ತಿತ್ತಂತೆ. ಅವನು ದೂರಿದ್ದು ಹವೆಯನ್ನು. ಆದರೆ ಇದೇ ದಕ್ಷಿಣದ ಬಿಸಿಲಿನಲ್ಲಿ, ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಕುಣಿಗಲ್ಲಿನ ಫಾರಂನಲ್ಲಿ ಹುಟ್ಟಿ ಬೆಳೆದ ಮರಿಗಳು ಬೆಂಗಳೂರು, ಮೈಸೂರಿನ ರೇಸುಗಳನ್ನು ಗೆದ್ದಿವೆ. ನಾನು ಹವೆಗಿಂತ ಮೊದಲು ಮೇವಿನ ತೊಟ್ಟಿಯನ್ನೇ ನೋಡುತ್ತೇನೆ.

ನಿನ್ನ ತೊಟ್ಟಿಯಲ್ಲಿ ಬೂಸಾ ಎಷ್ಟಿದೆ ಅಂತ ಲೆಕ್ಕ ಹಾಕು. ಗೋಧಿ ಬೂಸಾ, ಅಕ್ಕಿ ತೌಡು ಎರಡರಲ್ಲೂ ರಂಜಕ ಸುಣ್ಣಕ್ಕಿಂತ ಹಲವು ಪಟ್ಟು ಹೆಚ್ಚು. ನೇಪಿಯರ್‌ನಂಥ ಹುಲ್ಲಿನಲ್ಲಿರುವ ಆಕ್ಸಲೇಟ್, ಇರುವ ಸುಣ್ಣವನ್ನೂ ಹಿಡಿದುಬಿಡುತ್ತದೆ. ಬೂಸಾ ಮತ್ತು ನೇಪಿಯರ್ ಎರಡನ್ನೇ ತಿಂದು ಬೆಳೆದ ಮರಿ ಸುಣ್ಣಕ್ಕಾಗಿ ತನ್ನ ಮೂಳೆಯನ್ನೇ ಕರಗಿಸಿಕೊಳ್ಳುತ್ತದೆ, ಮುಖದ ಮೂಳೆ ಊದುತ್ತದೆ, ಕಾಲು ಸೋಲುತ್ತದೆ. ಕುದುರೆ ಮಸಾಲೆ ಸೊಪ್ಪು ಬೆಳೆದುಕೋ, ಸುಣ್ಣದ ಅಂಶ ಅದರಲ್ಲಿ ಸಮೃದ್ಧವಾಗಿದೆ. ಬೆಳೆಯುವ ಮರಿಗೆ ಸುಣ್ಣ ರಂಜಕದ ಒಂದೂವರೆಯಿಂದ ಎರಡು ಪಟ್ಟು ಇರಬೇಕು. ಹಾಗಂತ ಮರಿಯನ್ನು ತುಂಬಿಸಬೇಡ. ಸಂತೆಗೆ ದೊಡ್ಡದಾಗಿ ಕಾಣಲಿ ಅಂತ ಹುರುಳಿ, ಜೋಳ ಸುರಿದು ಬೆಳೆಸಿದ ಮರಿಯ ಮೈ ಮೂಳೆಗಿಂತ ಮುಂದೆ ಓಡುತ್ತದೆ. ರಜ್ಜು ಬಿಗಿಯುತ್ತದೆ, ಕೀಲಿನ ಮೇಲೆ ಗಂಟು ಬರುತ್ತದೆ, ಕೀಲಿನೊಳಗಿನ ಮೃದು ಎಲುಬು ಕಿತ್ತುಬರುತ್ತದೆ. ಪಕ್ಕೆಲುಬು ಕೈಗೆ ತಾಗಬೇಕು, ಕಣ್ಣಿಗೆ ಕಾಣಬಾರದು, ಅಷ್ಟಿದ್ದರೆ ಸಾಕು.

ಎರಡು ತಿಂಗಳು ದಾಟಿದ ಮೇಲೆ ದುಂಡು ಹುಳಕ್ಕೆ ಜಂತುನಾಶಕ ಶುರುಮಾಡು. ಯಾವ ಮದ್ದು, ಎಷ್ಟು ತಿಂಗಳಿಗೊಮ್ಮೆ ಅನ್ನುವುದನ್ನು ಲದ್ದಿ ಪರೀಕ್ಷೆ ನೋಡಿ ವೈದ್ಯರು ಹೇಳಲಿ. ಒಂದರಿಂದ ಆರು ತಿಂಗಳ ಮರಿ ಕೆಮ್ಮುತ್ತಾ ಜ್ವರ ತಂದುಕೊಂಡರೆ ಶ್ವಾಸಕೋಶದ ಸೋಂಕನ್ನು ಮೊದಲು ಶಂಕಿಸು. ಧೂಳು ತುಂಬಿದ ಅಂಗಳದಲ್ಲಿ ಅದು ಹೆಚ್ಚು, ನೀರು ಚಿಮುಕಿಸಿ ಧೂಳು ಅಡಗಿಸು. ಆರು ತಿಂಗಳ ಹೊತ್ತಿಗೆ ಹಾಲು ಬಿಡಿಸಬಹುದು, ಆದರೆ ಒಮ್ಮೆಗೇ ಒಂಟಿ ಮಾಡಬೇಡ, ಜೊತೆಗೊಂದು ಕುದುರೆ ಇರಲಿ.

ಕೊನೆಯದಾಗಿ ಒಂದು ಮಾತು ಕೊಡು ನನಗೆ. ಒಂದು ವರ್ಷಕ್ಕೆ ಮರಿ ತನ್ನ ಪೂರ್ಣ ಎತ್ತರದ ಹತ್ತರಲ್ಲಿ ಒಂಬತ್ತು ಪಾಲು ಮುಟ್ಟುತ್ತದೆ. ದೊಡ್ಡದಾಯಿತು ಅಂತ ಹುಡುಗರು ಬೆನ್ನೇರಲು ಹವಣಿಸುತ್ತಾರೆ. ಮೊಣಕಾಲಿನ ಮೇಲಿನ ಮೂಳೆ ಕೂಡಿಕೊಳ್ಳುವುದು ಎರಡು ವರ್ಷ ದಾಟಿದ ಮೇಲೆ, ಬೆನ್ನುಮೂಳೆ ಗಟ್ಟಿಯಾಗುವುದು ಇನ್ನೂ ತಡ. ಅದರ ಮೂರು ವರ್ಷ ತುಂಬುವವರೆಗೆ ನೀನೂ ಹತ್ತಬೇಡ, ಯಾರನ್ನೂ ಹತ್ತಿಸಬೇಡ.