ಕಪಾಟಿನಲ್ಲಿರುವ ಕ್ಯಾಸೆಟ್: ಹಳೆಯ ವಿಡಿಯೊವನ್ನು ಡಿಸ್ಕ್‌ಗೆ ವರ್ಗಾಯಿಸುವ ಪಾಠ



ದ್ವಿತೀಯ ಪಿಯುಸಿಯಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ಮಾಡುವಾಗ ನಾನು ಒಂದು ವಿ.ಎಚ್.ಎಸ್. ಕ್ಯಾಸೆಟ್ ತಂದು ಮೇಜಿನ ಮೇಲೆ ಇಡುತ್ತೇನೆ. ಈ ವರ್ಷ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು: "ಸಾರ್, ಇದರೊಳಗೆ ಏನಿದೆ?" ಗಂಟೆ ಹೊಡೆದದ್ದರಿಂದ ಅಂದು ಉತ್ತರ ಅರ್ಧಕ್ಕೇ ನಿಂತಿತು. ಉಳಿದರ್ಧ ಇಲ್ಲಿದೆ. ಅದರಲ್ಲಿ ಸ್ವಲ್ಪ ಭೌತಶಾಸ್ತ್ರ, ಸ್ವಲ್ಪ ಕೈಕೆಲಸ ಮತ್ತು ನನ್ನದೇ ಒಂದು ತಪ್ಪು ಇವೆ.

1993ರಲ್ಲಿ ನನ್ನ ತಂದೆ ಮಸ್ಕತ್‌ನಲ್ಲಿ ಕೆಲಸಕ್ಕಿದ್ದರು. ಆಗ ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಗಲ್ಫ್‌ನಿಂದ ಪತ್ರದ ಜೊತೆ ಕ್ಯಾಸೆಟ್ ಸಹ ಬರುತ್ತಿತ್ತು. ತಂದೆ ಗೆಳೆಯರೊಬ್ಬರ ಕ್ಯಾಮೆರಾದಲ್ಲಿ ತಾವಿದ್ದ ಕೋಣೆ, ಅಡುಗೆಯ ಮೂಲೆ, ಕೆಲಸದ ಜಾಗ ಎಲ್ಲವನ್ನೂ ತೋರಿಸಿ, ನಮ್ಮನ್ನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಬ್ಯಾರಿ ಭಾಷೆಯಲ್ಲಿ ಮಾತನಾಡಿಸಿ, ಆ ಟೇಪನ್ನು ಊರಿಗೆ ಬರುವವರ ಕೈಯಲ್ಲಿ ಕಳುಹಿಸಿದ್ದರು. ನಮ್ಮ ಮನೆಯಲ್ಲಿ ವಿ.ಸಿ.ಆರ್. ಇರಲಿಲ್ಲ. ದಿನದ ಬಾಡಿಗೆಗೆ ತಂದು ನೋಡುತ್ತಿದ್ದೆವು. ಮೂರು ವರ್ಷಗಳ ನಂತರ ತಂದೆ ತೀರಿಕೊಂಡರು. ಕೊನೆಯ ತಂಗಿಗೆ ಆಗ ಮೂರು ವರ್ಷ. ಅವಳಿಗೆ ತಂದೆಯ ಮುಖ ಫೋಟೊದಿಂದ ಗೊತ್ತು, ಧ್ವನಿ ಗೊತ್ತಿಲ್ಲ. ಆ ಧ್ವನಿ ಉಳಿದಿದ್ದದ್ದು ಕಪಾಟಿನ ಆ ಒಂದೇ ಕ್ಯಾಸೆಟ್‌ನಲ್ಲಿ.

ಟೇಪಿನ ಮೇಲೆ ಚಿತ್ರ ಹೇಗೆ ನಿಲ್ಲುತ್ತದೆ?

ಟೇಪ್ ಎಂದರೆ 12.7 ಮಿ.ಮೀ. ಅಗಲದ ತೆಳುವಾದ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಕಬ್ಬಿಣದ ಆಕ್ಸೈಡ್‌ನಂತಹ ಕಾಂತೀಯ ಪುಡಿಯನ್ನು ಅಂಟಿನೊಂದಿಗೆ ಲೇಪಿಸಿರುತ್ತಾರೆ. ರೆಕಾರ್ಡ್ ಮಾಡುವಾಗ ಹೆಡ್ ಎಂಬ ಪುಟ್ಟ ವಿದ್ಯುತ್ಕಾಂತ ಈ ಪುಡಿಯನ್ನು ಸಂಕೇತಕ್ಕೆ ತಕ್ಕಂತೆ ಕಾಂತೀಕರಿಸುತ್ತದೆ. ನೋಡುವಾಗ ಇದೇ ಕ್ರಿಯೆ ತಿರುವುಮುರುವಾಗಿ ನಡೆಯುತ್ತದೆ. ಬದಲಾಗುವ ಕಾಂತೀಯ ಫ್ಲಕ್ಸ್ ಹೆಡ್‌ನ ಸುರುಳಿಯಲ್ಲಿ ವಿದ್ಯುಚ್ಚಾಲಕ ಬಲವನ್ನು ಪ್ರೇರಿಸುತ್ತದೆ. ನೀವು ಪರೀಕ್ಷೆಗೆ ಬಾಯಿಪಾಠ ಮಾಡುವ ಫ್ಯಾರಡೆ ನಿಯಮ ಇದೇ.

ಈಗ ಒಂದು ವಿಚಿತ್ರ ಗಮನಿಸಿ. ಆಡಿಯೊ ಕ್ಯಾಸೆಟ್‌ನ ಟೇಪ್ ಸೆಕೆಂಡಿಗೆ 4.76 ಸೆಂ.ಮೀ. ಚಲಿಸುತ್ತದೆ. ಚಿತ್ರದ ಸಂಕೇತ ಧ್ವನಿಗಿಂತ ನೂರಾರು ಪಟ್ಟು ಹೆಚ್ಚು ಆವೃತ್ತಿಯದು, ಆದ್ದರಿಂದ ವಿಡಿಯೊ ಟೇಪ್ ಬಹಳ ವೇಗವಾಗಿ ಓಡಬೇಕಲ್ಲವೇ? ಆದರೆ ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ವಿ.ಎಚ್.ಎಸ್. ಟೇಪ್ ಸೆಕೆಂಡಿಗೆ ಬರೀ 2.34 ಸೆಂ.ಮೀ. ಚಲಿಸುತ್ತದೆ. ಎಂದರೆ ಆಡಿಯೊ ಟೇಪಿನ ಅರ್ಧದಷ್ಟು!

ಗುಟ್ಟು ಇರುವುದು ಹೆಡ್‌ನಲ್ಲಿ. ಟೇಪ್ ನಿಧಾನವಾಗಿ ಚಲಿಸಿದರೂ ಹೆಡ್ ತಿರುಗುತ್ತದೆ. 62 ಮಿ.ಮೀ. ವ್ಯಾಸದ ಒಂದು ಡ್ರಮ್ ನಿಮಿಷಕ್ಕೆ 1500 ಸುತ್ತು, ಅಂದರೆ ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ಅದರ ಪರಿಧಿ ಸುಮಾರು 19.5 ಸೆಂ.ಮೀ. 25ರಿಂದ ಗುಣಿಸಿದರೆ ಹೆಡ್‌ನ ವೇಗ ಸೆಕೆಂಡಿಗೆ ಸುಮಾರು 4.87 ಮೀಟರ್. ನಿಂತ ಹೆಡ್‌ನಿಂದ ಇದೇ ವೇಗ ಪಡೆಯಬೇಕಾಗಿದ್ದರೆ ಮೂರು ಗಂಟೆಯ ವಿಡಿಯೊಗೆ 52 ಕಿಲೋಮೀಟರ್‌ಗೂ ಹೆಚ್ಚು ಟೇಪ್ ಬೇಕಿತ್ತು. ಮಂಗಳೂರಿನಿಂದ ಹೊರಟರೆ ಉಡುಪಿಯ ಹತ್ತಿರಕ್ಕೆ ಬರುವಷ್ಟು ಉದ್ದ! ತಿರುಗುವ ಹೆಡ್‌ನಿಂದಾಗಿ ಸುಮಾರು 253 ಮೀಟರ್ ಸಾಕು.

ಟೇಪಿನ ಮೇಲೆ ಮೂರು ಭಾಗಗಳಿವೆ. ನಡುವೆ ಓರೆಯಾಗಿ ಬರೆದ ಚಿತ್ರದ ಪಟ್ಟಿಗಳು. ಮೇಲಂಚಿನಲ್ಲಿ ಸುಮಾರು 1 ಮಿ.ಮೀ. ಅಗಲದಲ್ಲಿ ಉದ್ದಕ್ಕೆ ಬರೆದ ಧ್ವನಿ. ಕೆಳಂಚಿನಲ್ಲಿ ವೇಗವನ್ನು ಹತೋಟಿಯಲ್ಲಿಡುವ ಸಂಕೇತ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನನ್ನ ತಪ್ಪು

ಪರಿಚಯದವರೊಬ್ಬರಿಂದ ಹಳೆಯ ವಿ.ಸಿ.ಆರ್. ಮತ್ತು ಮನೆಬಳಕೆಯ ಡಿ.ವಿ.ಡಿ. ರೆಕಾರ್ಡರ್ ತಂದ ದಿನವೇ ನಾನು ಆತುರದಿಂದ ತಂದೆಯ ಕ್ಯಾಸೆಟ್ ಒಳಗೆ ಹಾಕಿ ಗುಂಡಿ ಒತ್ತಿದೆ. ಕ್ಯಾಸೆಟ್‌ನ ಕಿಟಕಿಯಲ್ಲಿ ಬಿಳಿ ಪುಡಿಯಂತಹದ್ದು ಕಾಣುತ್ತಿತ್ತು. ಧೂಳು ಎಂದುಕೊಂಡೆ. ಅದು ಬೂಷ್ಟು. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟ ಟೇಪಿಗೆ ಅದು ಹಿಡಿಯುವುದು ಸಹಜ. ಕ್ಷಣಮಾತ್ರ ಚಿತ್ರ ಬಂತು, ಆಮೇಲೆ ಪರದೆ ಪೂರ್ತಿ ಚುಕ್ಕೆ ಚುಕ್ಕೆ. ಗಾಬರಿಯಾಗಿ ಹೊರತೆಗೆಯುವ ಗುಂಡಿ ಒತ್ತಿದೆ. ಕ್ಯಾಸೆಟ್ ಬಂತು, ಆದರೆ ಟೇಪಿನ ಒಂದು ಕುಣಿಕೆ ಯಂತ್ರದೊಳಗೇ ಸಿಕ್ಕಿಕೊಂಡಿತ್ತು. ಬಿಡಿಸಿ ನೋಡಿದರೆ ಒಂದು ಗೇಣು ಟೇಪ್ ಸುಕ್ಕಾಗಿತ್ತು.

ಒಂದು ಗೇಣು ಎಂದರೆ ಸುಮಾರು 20 ಸೆಂ.ಮೀ. ಸೆಕೆಂಡಿಗೆ 2.34ರಂತೆ ಭಾಗಿಸಿ ನೋಡಿ: ಎಂಟೂವರೆ ಸೆಕೆಂಡ್. ಅಷ್ಟೇ ಅಲ್ಲವೇ ಎನ್ನಬಹುದು. ಯಾವ ಎಂಟೂವರೆ ಸೆಕೆಂಡ್ ಎಂಬುದು ಆಮೇಲೆ ತಿಳಿಯಿತು.

ಮರುದಿನ ಹಳೆಯ ಯಂತ್ರಗಳನ್ನು ರಿಪೇರಿ ಮಾಡುವ ಒಬ್ಬ ಹಿರಿಯರ ಬಳಿಗೆ ಹೋದೆ. ಅವರು ಕ್ಯಾಸೆಟ್‌ನ ಐದು ತಿರುಪುಗಳನ್ನು ಬಿಚ್ಚಿ, ಎಳೆ ಬಿಡದ ಬಟ್ಟೆಯಿಂದ ಬೂಷ್ಟು ಒರೆಸಿ, ಸುಕ್ಕನ್ನು ಮೆಲ್ಲಗೆ ಸವರಿ ಸಮ ಮಾಡಿ, ಟೇಪನ್ನು ಬೇರೊಂದು ಶುದ್ಧ ಕ್ಯಾಸೆಟ್ ಪೆಟ್ಟಿಗೆಯೊಳಗೆ ಕೂರಿಸಿಕೊಟ್ಟರು. ಈ ಕೆಲಸಕ್ಕೆ ನೀವೇ ಕೈಹಾಕಬೇಡಿ. ಬೂಷ್ಟಿನ ಪುಡಿ ಉಸಿರಿಗೂ ಒಳ್ಳೆಯದಲ್ಲ.

ವರ್ಗಾಯಿಸುವ ಕ್ರಮ

ಅನುಭವದಿಂದ ಕಲಿತದ್ದನ್ನು ಕ್ರಮವಾಗಿ ಬರೆಯುತ್ತೇನೆ.

1. ಮೊದಲು ಕಣ್ಣಿನಿಂದ ಪರೀಕ್ಷಿಸಿ. ಕಿಟಕಿಯಲ್ಲಿ ಬಿಳಿ ಕಲೆ ಕಂಡರೆ, ಮುಗ್ಗು ವಾಸನೆ ಬಂದರೆ ಯಂತ್ರಕ್ಕೆ ಹಾಕಲೇಬೇಡಿ. ಆ ಬೂಷ್ಟು ಹೆಡ್‌ಗೆ ಅಂಟಿ, ಅಲ್ಲಿಂದ ಮುಂದಿನ ಕ್ಯಾಸೆಟ್‌ಗೂ ಹರಡುತ್ತದೆ.

2. ಕ್ಯಾಸೆಟ್‌ನ ಬೆನ್ನಿನ ಅಂಚಿನಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ಎಸಳಿರುತ್ತದೆ. ಅದನ್ನು ಮುರಿಯಿರಿ. ಆಮೇಲೆ ಅಪ್ಪಿತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯ ಚಿತ್ರ ಅಳಿಸಿಹೋಗುವುದಿಲ್ಲ.

3. ವಿ.ಸಿ.ಆರ್. ಸರಿಯಿದೆಯೇ ಎಂದು ಬೇಡದ ಕ್ಯಾಸೆಟ್ ಹಾಕಿ ಅರ್ಧ ಗಂಟೆ ನೋಡಿ. ಚಿತ್ರ ಚುಕ್ಕೆಯಾದರೆ ತಿಳಿದವರಿಂದ ಹೆಡ್ ಶುಚಿ ಮಾಡಿಸಿ. ಹತ್ತಿ ಕಡ್ಡಿಯಿಂದ ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ.

4. ಬೂಷ್ಟು ಇಲ್ಲದ ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಮತ್ತೆ ಪೂರ್ತಿ ಹಿಂದಕ್ಕೆ ಸುತ್ತಿ. ವರ್ಷಗಳಿಂದ ಅಂಟಿಕೊಂಡ ಸುತ್ತುಗಳು ಸಡಿಲವಾಗುತ್ತವೆ.

5. ಈಗ ವೈರುಗಳು. ಹಳದಿ ಚಿತ್ರಕ್ಕೆ, ಬಿಳಿ ಎಡ ಧ್ವನಿಗೆ, ಕೆಂಪು ಬಲ ಧ್ವನಿಗೆ. ವಿ.ಸಿ.ಆರ್.ನ 'ಔಟ್'ನಿಂದ ರೆಕಾರ್ಡರ್‌ನ 'ಇನ್'ಗೆ, ರೆಕಾರ್ಡರ್‌ನ 'ಔಟ್'ನಿಂದ ಟಿವಿಗೆ. ಪರದೆ ಖಾಲಿ ಬಂದರೆ ಹತ್ತರಲ್ಲಿ ಒಂಬತ್ತು ಬಾರಿ ಇಲ್ಲೇ ಅದಲು ಬದಲಾಗಿರುತ್ತದೆ. ರೆಕಾರ್ಡರ್‌ನಲ್ಲಿ ಚಾನೆಲ್ ಬದಲಿಗೆ ಹೊರಗಿನ ಇನ್‌ಪುಟ್ ಆರಿಸಿಕೊಳ್ಳಿ. ನಮ್ಮ ಟೇಪುಗಳಿಗೆ ಪಾಲ್ ಪದ್ಧತಿ. ಅಮೆರಿಕದಿಂದ ಬಂದದ್ದು ಸಾಮಾನ್ಯವಾಗಿ ಎನ್.ಟಿ.ಎಸ್.ಸಿ. ಆಗಿರುತ್ತದೆ, ಅದಕ್ಕೆ ಎರಡೂ ಪದ್ಧತಿ ತಿಳಿಯುವ ವಿ.ಸಿ.ಆರ್. ಬೇಕು.

6. ಗುಣಮಟ್ಟ ಆರಿಸಿ. ಸಾಮಾನ್ಯ ಡಿ.ವಿ.ಡಿ.ಯಲ್ಲಿ 4.7 ಗಿಗಾಬೈಟ್ ಜಾಗವಿದೆ. ಒಂದು ಚಿತ್ರದಲ್ಲಿ 720 × 576 ಬಿಂದುಗಳು, ಬಿಂದುವಿಗೆ 2 ಬೈಟ್, ಸೆಕೆಂಡಿಗೆ 25 ಚಿತ್ರ ಎಂದು ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 20.7 ಮೆಗಾಬೈಟ್. ಹಾಗೆಯೇ ಬರೆದರೆ ನಾಲ್ಕು ನಿಮಿಷದೊಳಗೆ ಡಿಸ್ಕ್ ತುಂಬುತ್ತದೆ! ಅದಕ್ಕೇ ರೆಕಾರ್ಡರ್ ಎಂಪೆಗ್-2 ವಿಧಾನದಲ್ಲಿ ಚಿತ್ರವನ್ನು ಸಂಕುಚಿತಗೊಳಿಸುತ್ತದೆ. ಒಂದು ಡಿಸ್ಕ್‌ನಲ್ಲಿ 1, 2, 4 ಅಥವಾ 6 ಗಂಟೆ ಹಿಡಿಸುವ ಆಯ್ಕೆಗಳಿರುತ್ತವೆ. ಗಂಟೆ ಹೆಚ್ಚಿದಷ್ಟೂ ಚಿತ್ರ ಕೆಡುತ್ತದೆ. 2 ಗಂಟೆಯ ಆಯ್ಕೆ ಮನೆಯ ಟೇಪಿಗೆ ಯೋಗ್ಯ. ಮೂರು ಗಂಟೆಯ ಟೇಪಿಗೆ ಎರಡು ಡಿಸ್ಕ್ ಬಳಸಿ, ಜಿಪುಣತನ ಬೇಡ.

7. ಮತ್ತೆ ಮತ್ತೆ ಬರೆಯಬಹುದಾದ ಡಿಸ್ಕ್‌ನಲ್ಲಿ ಒಂದು ನಿಮಿಷ ಪರೀಕ್ಷೆ ಮಾಡಿ. ಚಿತ್ರದಲ್ಲಿ ಅಡ್ಡ ಗೆರೆಗಳು ಓಡಿದರೆ ವಿ.ಸಿ.ಆರ್.ನ ಟ್ರ್ಯಾಕಿಂಗ್ ಹೊಂದಿಸಿ.

8. ಮೊದಲು ರೆಕಾರ್ಡರ್, ಆಮೇಲೆ ವಿ.ಸಿ.ಆರ್. ಶುರು ಮಾಡಿ. ಇಲ್ಲಿ ಅಡ್ಡದಾರಿ ಇಲ್ಲ. ಎರಡು ಗಂಟೆಯ ಟೇಪಿಗೆ ಎರಡು ಗಂಟೆ ಬೇಕೇ ಬೇಕು. ಎದ್ದು ಹೋಗದೆ ಕುಳಿತು ನೋಡಿ. ಮಧ್ಯೆ ಕರೆಂಟ್ ಹೋದರೆ ಡಿಸ್ಕ್ ಹಾಳಾಗಬಹುದು, ಆದ್ದರಿಂದ ಯು.ಪಿ.ಎಸ್. ಇದ್ದರೆ ಒಳಿತು.

9. ಮುಗಿದ ಮೇಲೆ ಮೆನುವಿನಲ್ಲಿ 'ಫೈನಲೈಸ್' ಆರಿಸುವುದನ್ನು ಮರೆಯಬೇಡಿ. ಇದನ್ನು ಮಾಡದ ಡಿಸ್ಕ್ ನಿಮ್ಮ ರೆಕಾರ್ಡರ್‌ನಲ್ಲಿ ಓಡುತ್ತದೆ, ಬೇರೆಯವರ ಮನೆಯ ಪ್ಲೇಯರ್‌ನಲ್ಲಿ ಓಡದೆ ಹೋಗಬಹುದು.

10. ಬೇರೊಂದು ಯಂತ್ರದಲ್ಲಿ ಹಾಕಿ ಪೂರ್ತಿ ಪರೀಕ್ಷಿಸಿ. ಇನ್ನೊಂದು ಪ್ರತಿ ಮಾಡಿ ಬೇರೆ ಮನೆಯಲ್ಲಿಡಿ, ಕಂಪ್ಯೂಟರಿಗೂ ಇಳಿಸಿಕೊಳ್ಳಿ. ಡಿಸ್ಕ್ ಕೂಡ ಶಾಶ್ವತವಲ್ಲ. ಮೂಲ ಟೇಪನ್ನು ಎಸೆಯಬೇಡಿ. ಪೂರ್ತಿ ಹಿಂದಕ್ಕೆ ಸುತ್ತಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ತೇವ ಮತ್ತು ಸ್ಪೀಕರ್‌ನಿಂದ ದೂರ ಇಡಿ.

ಇನ್ನೊಂದು ಮಾತು. ಇದು ನಮ್ಮ ಮನೆಯ ಟೇಪುಗಳಿಗೆ ಮಾತ್ರ. ಅಂಗಡಿಯಲ್ಲಿ ಮಾರಾಟಕ್ಕಿದ್ದ ಸಿನಿಮಾ ಟೇಪುಗಳಿಗೆ ಹಕ್ಕುದಾರರಿದ್ದಾರೆ. ಅಂತಹ ಎಷ್ಟೋ ಟೇಪುಗಳಲ್ಲಿ ನಕಲು ತಡೆಯುವ ಸಂಕೇತವಿದ್ದು, ರೆಕಾರ್ಡರ್ ತಾನೇ ನಿಂತುಬಿಡುತ್ತದೆ.

ಆ ಎಂಟೂವರೆ ಸೆಕೆಂಡ್

ಶುಚಿಯಾದ ಟೇಪನ್ನು ಒಂದು ಭಾನುವಾರ ಮತ್ತೆ ಹಾಕಿದೆ. ಉಮ್ಮ ಮತ್ತು ತಂಗಿ ಪಕ್ಕದಲ್ಲಿ ಕುಳಿತಿದ್ದರು. ತಂದೆ ಕೋಣೆ ತೋರಿಸಿದರು, ನನ್ನನ್ನು ಓದಿಕೋ ಎಂದು ಗದರಿಸಿದರು. ಆಮೇಲೆ ತಂಗಿಯ ಹೆಸರು ಕರೆದು, ಮಂಚದ ಮೇಲಿದ್ದ ಒಂದು ಪೊಟ್ಟಣಕ್ಕೆ ಕೈಹಾಕಿದರು. ಅಲ್ಲಿಗೆ ಚಿತ್ರ ಹರಿದು ಹೋಯಿತು. ಕೊನೆಯ ಬಾರಿ ನೋಡಿದವರು ಹಿಂದಕ್ಕೆ ಸುತ್ತದೆ ಅಲ್ಲಿಗೇ ನಿಲ್ಲಿಸಿದ್ದರು. ನಾನು ಹಾಳು ಮಾಡಿದ್ದು ಸರಿಯಾಗಿ ಆ ಗೇಣನ್ನೇ.

ಆದರೆ ಧ್ವನಿ ನಿಲ್ಲಲಿಲ್ಲ. ಸುಕ್ಕು ಬಿದ್ದದ್ದು ಟೇಪಿನ ನಡುವಿಗೆ ಮತ್ತು ಕೆಳಭಾಗಕ್ಕೆ. ಧ್ವನಿ ಇರುವ ಮೇಲಂಚು ಉಳಿದಿತ್ತು. ಗೆರೆ ಗೆರೆಯಾದ ಪರದೆಯ ಹಿಂದಿನಿಂದ ತಂದೆ, ಇದು ನಿನಗೆ, ಬರುವಾಗ ತರುತ್ತೇನೆ ಎಂದದ್ದು ಸ್ಪಷ್ಟವಾಗಿ ಕೇಳಿಸಿತು.

"ಏನು ತೋರಿಸಿದ್ದು?" ಎಂದು ತಂಗಿ ಕೇಳಿದಳು. ನನಗೆ ನೆನಪಿರಲಿಲ್ಲ. ಟೇಪ್‌ನಲ್ಲೂ ಇಲ್ಲ. ಉಮ್ಮ ಹೇಳಿದರು: "ಹಳದಿ ಫ್ರಾಕು. ಕೊರಳಿಗೆ ಬಿಳಿ ಲೇಸು." ಆ ಉತ್ತರ ಈಗ ಉಮ್ಮನ ನೆನಪಿನಲ್ಲಿ ಮಾತ್ರ ಇದೆ. ನಾನು ಅದನ್ನು ಡಿಸ್ಕ್‌ನ ಕವರಿನ ಮೇಲೆ ಬರೆದಿಟ್ಟಿದ್ದೇನೆ.

ಹಾಗಾಗಿ ನಿಮಗೊಂದು ಮನೆಗೆಲಸ. ಈ ವಾರ ಮನೆಯ ಕಪಾಟು, ಅಟ್ಟ, ಅಜ್ಜಿಯ ಪೆಟ್ಟಿಗೆ ನೋಡಿ. ಕ್ಯಾಸೆಟ್ ಸಿಕ್ಕಿದರೆ ಕಿಟಕಿ ಪರೀಕ್ಷಿಸಿ, ಎಸಳು ಮುರಿದು, ಯಾವ ಸಮಾರಂಭ, ಯಾವ ವರ್ಷ ಎಂದು ಬರೆದಿಡಿ. ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿ ಎನಿಸಿದ ಜಪಾನಿನ ಫುನಾಯ್ 2016ರಲ್ಲಿ ತಯಾರಿಕೆ ನಿಲ್ಲಿಸಿತು. ಯಂತ್ರಗಳು ಕಡಿಮೆಯಾಗುತ್ತಿವೆ, ರಿಪೇರಿ ಬಲ್ಲವರೂ ಕಡಿಮೆಯಾಗುತ್ತಿದ್ದಾರೆ. ಟೇಪ್ ನೋಡುವಾಗ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಂತ್ರ ಚಿತ್ರವನ್ನಷ್ಟೇ ವರ್ಗಾಯಿಸುತ್ತದೆ, ಅದರಲ್ಲಿರುವವರು ಯಾರು ಎಂಬುದನ್ನು ಹಿರಿಯರೇ ಹೇಳಬೇಕು.

ಅಭ್ಯಾಸ

1. ಪಾಲ್ ಪದ್ಧತಿಯ 4 ಗಂಟೆಯ ಟೇಪಿನ ಉದ್ದ ಎಷ್ಟು ಮೀಟರ್?
2. ಎನ್.ಟಿ.ಎಸ್.ಸಿ. ಪದ್ಧತಿಯಲ್ಲಿ ಡ್ರಮ್ ನಿಮಿಷಕ್ಕೆ ಸುಮಾರು 1800 ಸುತ್ತು ತಿರುಗುತ್ತದೆ. ಹಾಗಾದರೆ ಸೆಕೆಂಡಿಗೆ ಎಷ್ಟು ಚಿತ್ರಗಳು?
3. ಟೇಪಿನ ಮೇಲಂಚು ಮಾತ್ರ ಸುಕ್ಕಾದರೆ ಏನು ಹೋಗುತ್ತದೆ, ಏನು ಉಳಿಯುತ್ತದೆ? ಕಾರಣ ಕೊಡಿ.

ಉತ್ತರಗಳನ್ನು ಬರೆದು ಭೌತಶಾಸ್ತ್ರ ಪ್ರಯೋಗಾಲಯಕ್ಕೆ ತನ್ನಿ. ಕ್ಯಾಸೆಟ್ ಸಿಕ್ಕಿದರೆ ಅದನ್ನೂ ತನ್ನಿ, ಜೊತೆಯಾಗಿ ನೋಡೋಣ. ಈ ಸಲ ನಾನು ಆತುರ ಮಾಡುವುದಿಲ್ಲ.